ರಿವರ್‌ಸೈಡ್ ಕೌಂಟಿಯ ಕ್ರಿಮಿನಲ್ ಕಡತಗಳು: ಯಾರಿಗೆ, ಎಷ್ಟು ತೆರೆದಿವೆ?

ಅಮೆರಿಕದಲ್ಲಿ ಒಬ್ಬರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆದಿದೆಯೇ ಎಂದು ತಿಳಿಯಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಯಾವ ಕೌಂಟಿಯಲ್ಲಿ ಎಂಬುದು. ಇಡೀ ದೇಶದ ಅಪರಾಧ ಪ್ರಕರಣಗಳನ್ನೆಲ್ಲ ಒಂದೆಡೆ ಸೇರಿಸಿ ಸಾರ್ವಜನಿಕರ ಕೈಗೆ ಕೊಡುವ ದಫ್ತರ ಅಲ್ಲಿ ಇಲ್ಲ. ಎಫ್‌ಬಿಐ ಬಳಿ ಬೆರಳಚ್ಚಿನ ಆಧಾರದ ಮೇಲೆ ಕೂಡಿಸಿದ ಇತಿಹಾಸವಿದೆ. ಅದು ಪೊಲೀಸರಿಗೆ, ಪ್ರಾಸಿಕ್ಯೂಟರುಗಳಿಗೆ, ಕಾನೂನು ಹೆಸರಿಸಿದ ಕೆಲವರಿಗೆ ಮಾತ್ರ. ಕಳವು, ಹಲ್ಲೆ, ಕೊಲೆ, ಕುಡಿದು ವಾಹನ ಓಡಿಸುವುದು ಮುಂತಾದ ಬಹುಪಾಲು ಪ್ರಕರಣಗಳು ರಾಜ್ಯದ ಕಾನೂನಿನಡಿ ದಾಖಲಾಗಿ, ಕೌಂಟಿಯ ಕೋರ್ಟಿನಲ್ಲಿ ನಡೆದು, ಅಲ್ಲಿಯ ಕ್ಲರ್ಕ್ ಕಚೇರಿಯಲ್ಲೇ ಕಡತಗಳಾಗಿ ಉಳಿಯುತ್ತವೆ. ಕೌಂಟಿಗಳ ಸಂಖ್ಯೆ 3,000ಕ್ಕೂ ಹೆಚ್ಚು. ಒಂದೊಂದು ರಾಜ್ಯದ ನಿಯಮ ಒಂದೊಂದು ರೀತಿ. ಮೇರಿಲ್ಯಾಂಡಿನಲ್ಲಿ 2006ರಿಂದ ಮನೆಯಲ್ಲೇ ಕುಳಿತು ಹೆಸರು ಹಾಕಿ ಹುಡುಕಬಹುದು. ವಿಸ್ಕಾನ್ಸಿನ್ ಅದಕ್ಕೂ ಮೊದಲೇ ಆ ದಾರಿ ಹಿಡಿದಿತ್ತು. ಕ್ಯಾಲಿಫೋರ್ನಿಯಾ ಬೇಕೆಂದೇ ಬೇರೆ ದಾರಿ ಹಿಡಿಯಿತು.

ಆ ಬೇರೆ ದಾರಿಯನ್ನು ತಿಳಿಯಲು ರಿವರ್‌ಸೈಡ್ ಕೌಂಟಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಕ್ರಿಮಿನಲ್ ಕೋರ್ಟಿನ ಬಾಗಿಲು ಜನರಿಗೆ ತೆರೆದಿರಬೇಕು ಎಂಬ ತತ್ವವನ್ನು ಅಮೆರಿಕದ ಸುಪ್ರೀಂ ಕೋರ್ಟು ಗಟ್ಟಿಮಾಡಿದ್ದು ಈ ಕೌಂಟಿಯಿಂದ ಹೋದ ಎರಡು ಪ್ರಕರಣಗಳಲ್ಲಿ. ಅದೇ ಕೋರ್ಟಿನ ಕಂಪ್ಯೂಟರಿನಲ್ಲಿ ವ್ಯಕ್ತಿಯನ್ನು ಹೇಗೆ ಹುಡುಕಬಾರದು ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು ಹೇಳಿದ್ದೂ ಈ ಕೌಂಟಿಯ ಪ್ರಕರಣದಲ್ಲೇ.

ಮೊದಲನೆಯದು 1984ರದು. ಹದಿಹರೆಯದ ಹುಡುಗಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಯ ಮೊಕದ್ದಮೆಗೆ ಜ್ಯೂರಿ ಸದಸ್ಯರನ್ನು ಆರಿಸುವ ಕೆಲಸ ಆರು ವಾರ ನಡೆಯಿತು. ಅದರಲ್ಲಿ ಸುಮಾರು ಮೂರು ದಿನ ಬಿಟ್ಟು ಉಳಿದದ್ದೆಲ್ಲ ಮುಚ್ಚಿದ ಬಾಗಿಲ ಹಿಂದೆ. ಸ್ಥಳೀಯ ಪತ್ರಿಕೆ ‘ಪ್ರೆಸ್-ಎಂಟರ್‌ಪ್ರೈಸ್’ ಅದನ್ನು ಪ್ರಶ್ನಿಸಿತು. ಜ್ಯೂರಿ ಆಯ್ಕೆಯೂ ವಿಚಾರಣೆಯ ಭಾಗ, ಅದೂ ಬಹಿರಂಗವಾಗಿ ನಡೆಯಬೇಕು ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಎರಡನೆಯದರಲ್ಲಿ, ಹನ್ನೆರಡು ರೋಗಿಗಳನ್ನು ಔಷಧ ಕೊಟ್ಟು ಕೊಂದ ಆರೋಪ ಹೊತ್ತ ನರ್ಸ್ ಒಬ್ಬನ ಪ್ರಾಥಮಿಕ ವಿಚಾರಣೆ 41 ದಿನ ನಡೆದಿತ್ತು, ಅದೂ ಗುಪ್ತವಾಗಿ. ಮುಗಿದ ಮೇಲೂ ಅದರ ನಡಾವಳಿಯ ಪ್ರತಿಯನ್ನು ಪತ್ರಿಕೆಗೆ ಕೊಡಲಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಪತ್ರಿಕೆಯ ಪರ ನಿಂತಿತು. ಇಂಥ ಕಲಾಪ ಹಿಂದಿನಿಂದ ತೆರೆದಿತ್ತೇ, ಜನ ನೋಡುವುದರಿಂದ ಅದರ ಕೆಲಸಕ್ಕೆ ಒಳ್ಳೆಯದಾಗುತ್ತದೆಯೇ ಎಂದು ಅಂದು ಕೇಳಿದ ಎರಡು ಪ್ರಶ್ನೆಗಳನ್ನು ಇಂದಿಗೂ ಅಲ್ಲಿಯ ಕೋರ್ಟುಗಳು ಕೇಳುತ್ತವೆ. ಕಾಗದಪತ್ರಗಳ ವಿಷಯಕ್ಕೆ ಬಂದರೆ, ಕೋರ್ಟಿನ ದಾಖಲೆ ನೋಡುವ, ನಕಲು ಪಡೆಯುವ ಹಕ್ಕು ಸಾಮಾನ್ಯ ಕಾನೂನಿನಲ್ಲೇ ಇದೆ, ಆದರೆ ಅದಕ್ಕೆ ಮಿತಿಯೂ ಇದೆ ಎಂದು 1978ರಲ್ಲೇ ನಿಕ್ಸನ್ ಟೇಪುಗಳ ಪ್ರಕರಣದಲ್ಲಿ ಹೇಳಿಯಾಗಿತ್ತು. ಕಾನೂನು ಗೋಪ್ಯ ಎನ್ನದ ಕೋರ್ಟು ದಾಖಲೆ ತೆರೆದಿದೆ ಎಂದೇ ಭಾವಿಸಬೇಕು ಎನ್ನುವುದು ಇಂದಿನ ಕ್ಯಾಲಿಫೋರ್ನಿಯಾದ ಕೋರ್ಟು ನಿಯಮ. ನೋಡುವವರು ಕಾರಣ ಹೇಳಬೇಕಿಲ್ಲ. ನೆರೆಯವರಿಗೂ ಪತ್ರಕರ್ತರಿಗೂ ಕುತೂಹಲಕ್ಕೆ ಬಂದವರಿಗೂ ಹಕ್ಕು ಒಂದೇ.

ಹಕ್ಕು ಹೀಗೆ ನಿಚ್ಚಳವಾಗಿದ್ದರೂ ಕಡತ ತಾನಾಗಿ ಕೈಗೆ ಬರುವುದಿಲ್ಲ.

ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಒಂದೊಂದಕ್ಕೂ ಒಂದು ಸುಪೀರಿಯರ್ ಕೋರ್ಟ್ ಇದೆ. ಮೊದಲು ಹೀಗಿರಲಿಲ್ಲ. ಸಣ್ಣ ಅಪರಾಧಗಳಿಗೆ ಮುನಿಸಿಪಲ್ ಕೋರ್ಟು, ದೊಡ್ಡವಕ್ಕೆ ಸುಪೀರಿಯರ್ ಕೋರ್ಟು ಎಂದು ಎರಡು ಪದರಗಳಿದ್ದವು. 1998ರ ಜೂನ್‌ನಲ್ಲಿ ಮತದಾರರು ಒಪ್ಪಿದ 220ನೇ ಪ್ರಸ್ತಾವದ ನಂತರ ಅವು ಒಂದಾಗತೊಡಗಿ, 2001ರ ಹೊತ್ತಿಗೆ ಎಲ್ಲ ಕೌಂಟಿಗಳಲ್ಲೂ ಒಂದಾದವು. ಆದ್ದರಿಂದ 1990ರ ದಶಕದ ಪ್ರಕರಣ ಹುಡುಕುವವರಿಗೆ ಹಳೆಯ ಕಾಗದಗಳ ಮೇಲೆ ಬೇರೆ ಕೋರ್ಟಿನ ಹೆಸರು ಕಂಡರೆ ಗಾಬರಿಯಾಗಬೇಕಿಲ್ಲ. ಕೌಂಟಿಯ ವಿಸ್ತಾರವೂ ಗಮನದಲ್ಲಿರಬೇಕು. ಲಾಸ್ ಏಂಜಲೀಸ್ ಹೊರವಲಯದ ಉಪನಗರಗಳಿಂದ ಮರುಭೂಮಿ ದಾಟಿ ಅರಿಝೋನಾ ಗಡಿಯ ಕೊಲರಾಡೊ ನದಿಯವರೆಗೆ, ಸುಮಾರು 19,000 ಚದರ ಕಿಲೋಮೀಟರ್. 2020ರ ಜನಗಣತಿಯಲ್ಲಿ 24 ಲಕ್ಷ ಜನ. ಕ್ರಿಮಿನಲ್ ಕೆಲಸ ರಿವರ್‌ಸೈಡ್ ನಗರದ ಹಾಲ್ ಆಫ್ ಜಸ್ಟಿಸ್, ಮರಿಯೆಟಾದ ಸೌತ್‌ವೆಸ್ಟ್ ಜಸ್ಟಿಸ್ ಸೆಂಟರ್, ಇಂಡಿಯೋದ ಲಾರ್ಸನ್ ಜಸ್ಟಿಸ್ ಸೆಂಟರ್, ಬ್ಯಾನಿಂಗ್ ಮುಂತಾದೆಡೆ ಹಂಚಿಹೋಗಿದೆ. ನದಿಯಂಚಿನ ಬ್ಲೈತ್ ಊರು ರಿವರ್‌ಸೈಡ್ ನಗರದಿಂದ 270 ಕಿಲೋಮೀಟರಿನಷ್ಟು ದೂರ. ನಗರದ ನಡುವೆ 1904ರ ಸುಂದರವಾದ ಹಳೆಯ ಕೋರ್ಟು ಕಟ್ಟಡವಿದೆ. ಹೊಸಬರು ಅದನ್ನೇ ಹೊಕ್ಕು ಕ್ರಿಮಿನಲ್ ಕಡತ ಕೇಳುವುದು ಸಹಜ. ಅಲ್ಲಿ ನಡೆಯುವುದು ಸಿವಿಲ್ ಕೆಲಸ. ಕ್ರಿಮಿನಲ್ ಕಡತಕ್ಕೆ ಪಕ್ಕದ ಹಾಲ್ ಆಫ್ ಜಸ್ಟಿಸ್‌ಗೆ ಹೋಗಬೇಕು.

ಅದೇ ಊರಿನಲ್ಲಿ ಇನ್ನೂ ಎರಡು ಕೋರ್ಟುಗಳಿವೆ. ಒಂದು ಫೆಡರಲ್ ಜಿಲ್ಲಾ ಕೋರ್ಟಿನ ಪೂರ್ವ ವಿಭಾಗ. ಅಂತರರಾಜ್ಯ ಮಾದಕವಸ್ತು ಸಾಗಣೆ, ಬ್ಯಾಂಕ್ ವಂಚನೆ, ವಲಸೆ ಅಪರಾಧಗಳಂಥವು ಅಲ್ಲಿಗೆ ಹೋಗುತ್ತವೆ. ಅವುಗಳ ಗುರುತೂ ಕೌಂಟಿಯ ದಾಖಲೆಯಲ್ಲಿ ಸಿಗದು. ಅವಕ್ಕೆ ಪೇಸರ್ ಎಂಬ ಫೆಡರಲ್ ವ್ಯವಸ್ಥೆ ಇದೆ: ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್, ಮೂರು ತಿಂಗಳಲ್ಲಿ 30 ಡಾಲರಿನೊಳಗೆ ಬಳಸಿದರೆ ಉಚಿತ. ಇನ್ನೊಂದು ರಾಜ್ಯದ ನಾಲ್ಕನೇ ಜಿಲ್ಲಾ ಮೇಲ್ಮನವಿ ಕೋರ್ಟಿನ ಎರಡನೇ ವಿಭಾಗ. ಪ್ರಕರಣ ಮೇಲ್ಮನವಿಗೆ ಹೋಗಿದ್ದರೆ ಅದರ ತೀರ್ಪಿನಲ್ಲಿ ಇಡೀ ಕಥೆ ಹತ್ತಾರು ಪುಟಗಳಲ್ಲಿ ಸಿಗುತ್ತದೆ, ಮನೆಯಿಂದಲೇ ಓದಬಹುದು. ಗಂಭೀರ ಅಪರಾಧಗಳ ವಿಷಯದಲ್ಲಿ ಹುಡುಕಾಟವನ್ನು ಇಲ್ಲಿಂದ ಆರಂಭಿಸುವುದು ಜಾಣತನ, ಏಕೆಂದರೆ ಮೊದಲ ಪುಟದಲ್ಲೇ ಕೆಳಕೋರ್ಟಿನ ಪ್ರಕರಣ ಸಂಖ್ಯೆ ಇರುತ್ತದೆ.

ಆ ಸಂಖ್ಯೆ ಕೈಗೆ ಸಿಕ್ಕರೆ ಅರ್ಧ ಕೆಲಸ ಆದಂತೆ. ರಿವರ್‌ಸೈಡಿನ ಕ್ರಿಮಿನಲ್ ಪ್ರಕರಣ ಸಂಖ್ಯೆಗಳ ಮೊದಲ ಅಕ್ಷರಗಳು ಊರನ್ನೂ ಅಪರಾಧದ ದರ್ಜೆಯನ್ನೂ ಹೇಳುತ್ತವೆ. ಆರ್‌ಐಎಫ್ ಎಂದರೆ ರಿವರ್‌ಸೈಡಿನ ಫೆಲನಿ, ಅಂದರೆ ರಾಜ್ಯ ಕಾರಾಗೃಹದವರೆಗೆ ಹೋಗಬಲ್ಲ ದೊಡ್ಡ ಅಪರಾಧ. ಆರ್‌ಐಎಂ ಎಂದರೆ ಅಲ್ಲಿಯದೇ ಮಿಸ್‌ಡಿಮೀನರ್, ಸಣ್ಣ ದರ್ಜೆಯದು. ಐಎನ್‌ಎಫ್ ಇಂಡಿಯೋದ್ದು, ಎಸ್‌ಡಬ್ಲ್ಯೂಎಫ್ ಸೌತ್‌ವೆಸ್ಟ್‌ನದು, ಬಿಎಎಫ್ ಬ್ಯಾನಿಂಗ್‌ನದು. ಕರ್ನಾಟಕದಲ್ಲಿ ಇ-ಕೋರ್ಟ್ಸ್ ಬಳಸಿ ರೂಢಿಯಿರುವವರು 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿ ದೇಶದ ಯಾವ ಜಿಲ್ಲೆಯ ಪ್ರಕರಣವನ್ನಾದರೂ ತೆರೆಯುತ್ತಾರೆ. ಅಂಥ ಇಡೀ ದೇಶದ ಸಂಖ್ಯೆ ಅಮೆರಿಕದಲ್ಲಿ ಇಲ್ಲ; ಆರ್‌ಐಎಫ್ ಸಂಖ್ಯೆಗೆ ಪಕ್ಕದ ಸ್ಯಾನ್ ಬರ್ನಾರ್ಡಿನೋ ಕೌಂಟಿಯಲ್ಲಿ ಅರ್ಥವೇ ಇಲ್ಲ.

ಸಂಖ್ಯೆ ಇಲ್ಲದವರು ಹೆಸರಿನಿಂದ ಶುರುಮಾಡಬೇಕು. ಪ್ರತಿ ಕೋರ್ಟೂ ಆರೋಪಿಗಳ ಹೆಸರಿನ ಸೂಚಿಯೊಂದನ್ನು ಇಡುತ್ತದೆ. ವಿದ್ಯುನ್ಮಾನ ದಾಖಲೆ ಇಟ್ಟಿರುವ ಕೋರ್ಟುಗಳಲ್ಲಿ ಈ ಸೂಚಿ, ಪ್ರತಿ ಪ್ರಕರಣದ ಕಲಾಪಗಳ ಪಟ್ಟಿ, ದಿನದ ವಿಚಾರಣಾ ಪಟ್ಟಿ, ಈ ಮೂರನ್ನು ದೂರದಿಂದಲೂ ನೋಡಬಹುದು. ಆದರೆ ಕ್ರಿಮಿನಲ್ ಕಡತದ ಒಳಗಿನ ಕಾಗದಗಳು, ಅಂದರೆ ಆರೋಪಪತ್ರ, ಅರ್ಜಿಗಳು, ತಪ್ಪೊಪ್ಪಿಗೆಯ ನಮೂನೆ, ಆದೇಶಗಳು ಬೇಕಾದರೆ ಕೋರ್ಟಿಗೇ ಹೋಗಬೇಕು. ಅಲ್ಲಿಯ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು. ಮನೆಯ ಕಂಪ್ಯೂಟರಿನಲ್ಲಿ ನೋಡುವಂತಿಲ್ಲ. ಇದು 2002ರ ಜುಲೈನಿಂದ ಜಾರಿಯಲ್ಲಿರುವ ನಿಯಮ. ದೇಶವೇ ಕಣ್ಣಿಟ್ಟ ಅಪರೂಪದ ಮೊಕದ್ದಮೆಗಳಲ್ಲಿ ಮಾತ್ರ ಮುಖ್ಯ ನ್ಯಾಯಾಧೀಶರು ವಿನಾಯಿತಿ ಕೊಡಬಹುದು. ಶುಲ್ಕವೂ ರಾಜ್ಯದ ಕಾನೂನಿನಲ್ಲೇ ಇದೆ: ನಕಲು ಪುಟಕ್ಕೆ 50 ಸೆಂಟ್, ದೃಢೀಕರಣದ ಮುದ್ರೆಗೆ 40 ಡಾಲರ್, ಕ್ಲರ್ಕ್ ಹುಡುಕಲು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ 15 ಡಾಲರ್. ಸುಮ್ಮನೆ ಕುಳಿತು ಓದುವುದಕ್ಕೆ ದುಡ್ಡಿಲ್ಲ.

ಹೆಸರು ಹಾಕುವಾಗ ಎಚ್ಚರ ಬೇಕು. ರಿವರ್‌ಸೈಡಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹಿಸ್ಪಾನಿಕ್ ಮೂಲದವರು. ಅವರಲ್ಲಿ ಅನೇಕರಿಗೆ ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು ಹೀಗೆ ಎರಡು ಕುಲನಾಮಗಳಿರುತ್ತವೆ. ಬಂಧಿಸಿದ ಪೊಲೀಸರು ಯಾವುದನ್ನು ಬರೆದುಕೊಂಡರೋ ಸೂಚಿಯಲ್ಲೂ ಅದೇ. ಕನ್ನಡಿಗರ ಹೆಸರುಗಳ ಪಾಡು ಇನ್ನೊಂದು ಬಗೆ. ಊರು, ತಂದೆ, ಸ್ವಂತ ಹೆಸರು ಸೇರಿ ಒಂದೇ ಸಾಲಾಗಿ, ಕುಲನಾಮದ ಅಂಕಣ ಖಾಲಿಬಿಟ್ಟ ಪಾಸ್‌ಪೋರ್ಟುಗಳು ನಮ್ಮಲ್ಲಿ ಧಾರಾಳ. ಅಮೆರಿಕದ ವೀಸಾದಲ್ಲಿ ಆಗ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬಂದು ಕೂರುತ್ತದೆ, ಇದ್ದ ಹೆಸರೆಲ್ಲ ಕುಲನಾಮವಾಗುತ್ತದೆ. ಅಂಥವರ ಪ್ರಕರಣ ಹುಡುಕುವಾಗ ಹೆಸರನ್ನು ಹಿಂದುಮುಂದು ಮಾಡಿ, ಇನಿಷಿಯಲ್ ಬಿಟ್ಟು, ಆ ಮೂರಕ್ಷರ ಸೇರಿಸಿ, ಎಲ್ಲ ಬಗೆಯಲ್ಲೂ ನೋಡಬೇಕಾಗುತ್ತದೆ. ಒಮ್ಮೆ ಹುಡುಕಿ ಏನೂ ಸಿಗಲಿಲ್ಲವೆಂದರೆ ಏನೂ ಇಲ್ಲ ಎಂದು ಅರ್ಥವಲ್ಲ. ಹೆಸರು ಸಿಕ್ಕಿತೆಂದರೆ ಅದು ಅದೇ ಮನುಷ್ಯನದು ಎಂದೂ ಅಲ್ಲ. ಈ ಎರಡನೆಯ ತಪ್ಪಿನಿಂದ ನಿರಪರಾಧಿಗಳ ಕೆಲಸ, ಬಾಡಿಗೆ ಮನೆ ಕೈತಪ್ಪುತ್ತವೆ. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಕಡತ ಸಿಕ್ಕಮೇಲೆ ಅದನ್ನು ಕೊನೆಯಿಂದ ಓದಬೇಕು ಎಂಬುದು ನನ್ನ ಸಲಹೆ. ಮೊದಲ ಪುಟದಲ್ಲಿ ಇರುವುದು ಡಿಸ್ಟ್ರಿಕ್ಟ್ ಅಟಾರ್ನಿ ಹೊರಿಸಿದ ಆರೋಪಗಳು. ಅಮೆರಿಕದ ಪ್ರಾಸಿಕ್ಯೂಟರುಗಳು ಆರಂಭದಲ್ಲಿ ಸಾಧ್ಯವಿರುವ ಆರೋಪಗಳನ್ನೆಲ್ಲ ಸೇರಿಸುವುದುಂಟು. ಮುಂದೆ ಒಪ್ಪಂದವಾಗಿ ಐದರಲ್ಲಿ ನಾಲ್ಕು ಬಿದ್ದುಹೋಗಿ ಒಂದು ಚಿಕ್ಕದು ಉಳಿಯಬಹುದು. ಫೆಲನಿ ಆದರೆ ಪ್ರಾಥಮಿಕ ವಿಚಾರಣೆಯ ನಂತರ ‘ಇನ್ಫರ್ಮೇಷನ್’ ಎಂಬ ಎರಡನೆಯ ಆರೋಪಪತ್ರ ಬರುತ್ತದೆ, ಮೊದಲಿನದು ಅಲ್ಲಿಗೆ ಹಿಂದೆ ಸರಿಯುತ್ತದೆ. ಪ್ರತಿ ದಿನದ ಕಲಾಪಕ್ಕೂ ಒಂದೊಂದು ಮಿನಿಟ್ ಆರ್ಡರ್ ಇರುತ್ತದೆ, ನಮ್ಮ ಕೋರ್ಟುಗಳ ಆರ್ಡರ್ ಶೀಟಿಗೆ ಹತ್ತಿರದ್ದು. ಇವುಗಳಲ್ಲಿ ಕೊನೆಯದನ್ನು, ಪ್ರಕರಣ ಹೇಗೆ ಮುಗಿಯಿತೆಂದು ಹೇಳುವುದನ್ನು ಮೊದಲು ತೆಗೆಯಬೇಕು. ವಜಾ ಆಗಿದೆಯೇ, ಖುಲಾಸೆಯೇ, ತಪ್ಪೊಪ್ಪಿಗೆಯೇ, ಜ್ಯೂರಿಯ ತೀರ್ಪೇ? ಶಿಕ್ಷೆ ಜೈಲೋ ಪ್ರೊಬೇಷನ್ನೋ? ಫೆಲನಿಯಾಗಿಯೂ ಮಿಸ್‌ಡಿಮೀನರ್ ಆಗಿಯೂ ಹೂಡಬಹುದಾದ, ವಕೀಲರು ವಾಬ್ಲರ್ ಎನ್ನುವ ಅಪರಾಧಗಳಿವೆ. ಶುರುವಿನಲ್ಲಿ ಫೆಲನಿಯಾಗಿದ್ದದ್ದನ್ನು ವರ್ಷಗಳ ನಂತರ ನ್ಯಾಯಾಧೀಶರು ಮಿಸ್‌ಡಿಮೀನರ್‌ಗೆ ಇಳಿಸಿರಬಹುದು. ಪ್ರಕರಣ ಸಂಖ್ಯೆಯಲ್ಲಿ ಮಾತ್ರ ಆ ಎಫ್ ಅಕ್ಷರ ಹಾಗೇ ಉಳಿದಿರುತ್ತದೆ. ಸಂಖ್ಯೆಯನ್ನಷ್ಟೇ ನೋಡಿ ಮನುಷ್ಯನನ್ನು ಅಳೆದವರು ತಪ್ಪು ಮಾಡುತ್ತಾರೆ.

ಪ್ರೊಬೇಷನ್ ಸರಿಯಾಗಿ ಮುಗಿಸಿದವರು ಅರ್ಜಿ ಹಾಕಿ, ದಂಡಸಂಹಿತೆಯ 1203.4ನೇ ಕಲಮಿನಡಿ ಪ್ರಕರಣ ವಜಾ ಮಾಡಿಸಿಕೊಳ್ಳಬಹುದು. ಇದರಿಂದ ದಾಖಲೆ ಅಳಿಸಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅಳಿಸುವುದಿಲ್ಲ. ಕಡತ ಅಲ್ಲೇ ಇರುತ್ತದೆ, ಶಿಕ್ಷೆಯ ವಿವರದ ಕೆಳಗೆ ವಜಾ ಆದೇಶ ಸೇರುತ್ತದೆ, ಅಷ್ಟೆ. ಇದಕ್ಕಿಂತ ಬೇರೆಯಾದದ್ದು 2019ರ ಕಾನೂನು, 2022ರಲ್ಲಿ ಅದರ ವಿಸ್ತರಣೆ. ಅದರಂತೆ, ಅರ್ಹರಾದವರಿಗೆ ಅವರು ಕೇಳದೆಯೇ ಪರಿಹಾರ ಸಿಗುತ್ತದೆ, ಆ ಶಿಕ್ಷೆಯ ಮಾಹಿತಿಯನ್ನು ಕೋರ್ಟು ಸಾರ್ವಜನಿಕರಿಗೆ ಕೊಡುವಂತಿಲ್ಲ. ಬಂಧನವಾಗಿ ಶಿಕ್ಷೆಯಾಗದೆ ಮುಗಿದ ಪ್ರಕರಣಗಳಿಗೆ ಮೊಹರು ಹಾಕಿಸುವ ಅವಕಾಶ 2018ರ ಜನವರಿಯಿಂದ ಬಂದಿದೆ. ಹಾಗಾಗಿ ನಿನ್ನೆ ಕಂಡ ಪ್ರಕರಣ ಇಂದು ಕಾಣದೇ ಇರಬಹುದು. ಅದು ಕೋರ್ಟಿನ ಅಚಾತುರ್ಯವಲ್ಲ, ಶಾಸಕಾಂಗದ ನಿರ್ಧಾರ.

ತೆರೆದ ಕಡತದ ಒಳಗೂ ಮುಚ್ಚಿದ ಪುಟಗಳಿವೆ. ಪ್ರೊಬೇಷನ್ ಅಧಿಕಾರಿಯ ವರದಿಯಲ್ಲಿ ಆರೋಪಿಯ ಬಾಲ್ಯ, ಕುಟುಂಬ, ಚಟಗಳೆಲ್ಲ ಇರುತ್ತವೆ. ತೀರ್ಪಾದ ದಿನದಿಂದ 60 ದಿನದವರೆಗೆ ಅದನ್ನು ಯಾರು ಬೇಕಾದರೂ ನೋಡಬಹುದು, ಆಮೇಲೆ ಕೋರ್ಟಿನ ಆದೇಶ ಬೇಕು. ಪತ್ರಕರ್ತರು ಆ 60 ದಿನಗಳ ಮೇಲೆ ಕಣ್ಣಿಡುವುದು ಇದಕ್ಕೇ. ಶೋಧ ವಾರಂಟಿನ ಕಾಗದಗಳು, ವಾರಂಟು ಜಾರಿಯಾಗಿ ವಾಪಸಾಗುವವರೆಗೆ ಗುಪ್ತ. ಹದಿನೆಂಟರ ಒಳಗಿನವರ ಪ್ರಕರಣಗಳು ಬಾಲಾಪರಾಧಿ ಕೋರ್ಟಿನಲ್ಲಿ, ಬಹುತೇಕ ಪೂರ್ತಿ ಗೋಪ್ಯ. ಸಂತ್ರಸ್ತರ ವಿಳಾಸ, ಗುರುತುಗಳಿಗೆ ರಕ್ಷಣೆ ಇದೆ. ಪೊಲೀಸ್ ವರದಿ ಕೋರ್ಟಿನ ದಾಖಲೆಯೇ ಅಲ್ಲ, ಯಾರಾದರೂ ಅರ್ಜಿಯೊಂದಿಗೆ ಲಗತ್ತಿಸಿದ್ದರೆ ಮಾತ್ರ ಕಡತದಲ್ಲಿ ಸಿಗಬಹುದು. ಶೆರಿಫ್ ಇಲಾಖೆಯ ಕೈದಿಗಳ ಪಟ್ಟಿಯಲ್ಲಿ ಹೆಸರಿದ್ದರೆ, ಆ ವ್ಯಕ್ತಿಯನ್ನು ಹಿಡಿದು ತಂದಿದ್ದಾರೆ ಎಂದಷ್ಟೇ ಅರ್ಥ. ಮೊಕದ್ದಮೆ ಹೂಡದೆ ಬಿಟ್ಟುಕಳುಹಿಸಿರಲೂಬಹುದು.

ಕಾಲವೂ ಕಡತಗಳನ್ನು ತೆಗೆದುಹಾಕುತ್ತದೆ. ಮರಣದಂಡನೆಯ ಪ್ರಕರಣಗಳನ್ನು ಶಾಶ್ವತವಾಗಿ ಇಡಬೇಕು. ಸಾಮಾನ್ಯ ಫೆಲನಿಗೆ 50 ವರ್ಷ, ಸಾಮಾನ್ಯ ಮಿಸ್‌ಡಿಮೀನರ್‌ಗೆ 5 ವರ್ಷ, ಕುಡಿದು ವಾಹನ ಓಡಿಸಿದ ಪ್ರಕರಣಕ್ಕೆ 10 ವರ್ಷ; ಆಮೇಲೆ ಕೋರ್ಟು ನಾಶಮಾಡಬಹುದು.

ಇಲ್ಲಿಂದ ಮುಂದಿನದು ಈ ವಿಷಯದ ತಿರುಳು. ಪ್ರತಿ ಕಡತವೂ ತೆರೆದಿದ್ದ ಮೇಲೆ ಎಲ್ಲ ಕಡತಗಳನ್ನು ವ್ಯಕ್ತಿಯ ಹೆಸರಿನಡಿ ಒಟ್ಟುಗೂಡಿಸಿದ ಪಟ್ಟಿಯೂ ತೆರೆದಿರಬೇಕಲ್ಲವೇ? ಬೇಕಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲಿ ಹೇಳಿತು. ಪತ್ರಕರ್ತರ ಸಂಘವೊಂದು ಎಫ್‌ಬಿಐನಿಂದ ಒಬ್ಬ ವ್ಯಕ್ತಿಯ ಅಪರಾಧ ಇತಿಹಾಸ ಕೇಳಿತ್ತು. ಊರೂರ ಕೋರ್ಟುಗಳಲ್ಲಿ, ಠಾಣೆಗಳಲ್ಲಿ ಅಲೆದು ಹೆಕ್ಕಬಹುದಾದ ಚೂರುಗಳಿಗೂ, ಅವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೇ ಪುಟಕ್ಕೆ ತಂದ ಸಾರಾಂಶಕ್ಕೂ ಅಗಾಧ ವ್ಯತ್ಯಾಸವಿದೆ, ಎರಡನೆಯದರಲ್ಲಿ ಮನುಷ್ಯನ ಖಾಸಗಿ ಬದುಕಿದೆ ಎಂಬುದು ತೀರ್ಪಿನ ಸಾರ. ಐದು ವರ್ಷದ ನಂತರ, 1994ರಲ್ಲಿ, ಲಾಸ್ ಏಂಜಲೀಸಿನ ಮುನಿಸಿಪಲ್ ಕೋರ್ಟುಗಳ ಕಂಪ್ಯೂಟರ್ ಟೇಪುಗಳನ್ನು ತಿಂಗಳು ತಿಂಗಳೂ ಕೊಡಿ ಎಂದು ಮಾಹಿತಿ ಮಾರುವವರೊಬ್ಬರು ಕೇಳಿದಾಗ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟೂ ಇದೇ ತರ್ಕದಿಂದ ನಿರಾಕರಿಸಿತು. ರಾಜ್ಯದ ನ್ಯಾಯ ಇಲಾಖೆ ಇಟ್ಟಿರುವ ಕ್ರೋಡೀಕೃತ ಇತಿಹಾಸವನ್ನು ಅನಧಿಕೃತರಿಗೆ ಕೊಡುವುದು ಅಲ್ಲಿ ಅಪರಾಧ. 2002ರ ಕೋರ್ಟು ನಿಯಮ ಬಂದದ್ದು ಈ ಹಿನ್ನೆಲೆಯಲ್ಲಿ. ಅದರಂತೆ ಸೂಚಿಯಲ್ಲೂ ಕಲಾಪಗಳ ಪಟ್ಟಿಯಲ್ಲೂ ಇರಬಾರದ ವಿವರಗಳಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ವಯಸ್ಸು, ಜನಾಂಗ, ಚಾಲನಾ ಪರವಾನಗಿ ಸಂಖ್ಯೆ, ಜನ್ಮದಿನಾಂಕ ಸೇರಿವೆ.

ರಿವರ್‌ಸೈಡ್ ಕೋರ್ಟಿನ ಕಂಪ್ಯೂಟರು ಜನ್ಮದಿನಾಂಕವನ್ನು ತೋರಿಸುತ್ತಿರಲಿಲ್ಲ. ಆದರೆ ಹುಡುಕುವವರು ಹೆಸರಿನೊಂದಿಗೆ ಜನ್ಮದಿನಾಂಕವನ್ನೋ ಪರವಾನಗಿ ಸಂಖ್ಯೆಯನ್ನೋ ಹಾಕಿದರೆ ಅದಕ್ಕೆ ಹೊಂದುವ ಪ್ರಕರಣಗಳನ್ನು ಸೋಸಿ ಕೊಡುತ್ತಿತ್ತು. ಹಿಂದೆ ಸೆರೆವಾಸ ಅನುಭವಿಸಿದವರ ಸಂಘಟನೆ ‘ಆಲ್ ಆಫ್ ಅಸ್ ಆರ್ ನನ್’ನ ರಿವರ್‌ಸೈಡ್ ಶಾಖೆ ಇದರ ವಿರುದ್ಧ ದಾವೆ ಹೂಡಿತು. ಗಾಂಜಾಕ್ಕೆ ಸಂಬಂಧಿಸಿದ ಹಳೆಯ ಪ್ರಕರಣಗಳನ್ನು ಕಾನೂನು ಹೇಳಿದಂತೆ ನಾಶಮಾಡಿಲ್ಲ ಎಂಬ ದೂರೂ ಅದರಲ್ಲಿತ್ತು. 2021ರ ಮೇ ತಿಂಗಳಲ್ಲಿ ಮೇಲ್ಮನವಿ ಕೋರ್ಟು ಸಂಘಟನೆಯ ವಾದವನ್ನು ಒಪ್ಪಿತು: ತೋರಿಸಬಾರದು ಎಂದ ಮಾಹಿತಿಯನ್ನು ಹುಡುಕಾಟದ ಕೀಲಿಯಾಗಿ ಬಳಸಲು ಬಿಡುವುದೂ ಅದನ್ನು ಹೊರಗೆಡವಿದಂತೆಯೇ. ರಾಜ್ಯದ ಸುಪ್ರೀಂ ಕೋರ್ಟು ಮರುಪರಿಶೀಲನೆಗೆ ಒಪ್ಪಲಿಲ್ಲ.

ಹಿನ್ನೆಲೆ ತಪಾಸಣೆ ಮಾಡುವ ಕಂಪನಿಗಳಿಗೆ ಇದು ದೊಡ್ಡ ಪೆಟ್ಟು. ತೀರ್ಪನ್ನು ದಾಟಲು 2022ರಲ್ಲಿ ಶಾಸಕಾಂಗ ಎಸ್‌ಬಿ 1262 ಮಸೂದೆಯನ್ನು ಅಂಗೀಕರಿಸಿತು. ಸಾರ್ವಜನಿಕ ಪ್ರವೇಶ ಮತ್ತು ಖಾಸಗಿತನಗಳ ನಡುವೆ ಈಗಿರುವ ಸಮತೋಲನವೇ ಸರಿ ಎಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಅದನ್ನು ತಿರಸ್ಕರಿಸಿದರು. 2024ರಲ್ಲಿ ಲಾಸ್ ಏಂಜಲೀಸ್ ಕೌಂಟಿಯೂ ಜನ್ಮದಿನಾಂಕದ ಹುಡುಕಾಟ ನಿಲ್ಲಿಸಿತು.

ಸಂಘಟನೆಯ ವಾದದಲ್ಲಿ ನ್ಯಾಯವಿದೆ ಎಂದೇ ನನಗೆ ಅನಿಸುತ್ತದೆ. ಶಿಕ್ಷೆ ಮುಗಿಸಿ ಹೊರಬಂದವನ ಹದಿನೈದು ವರ್ಷದ ಹಿಂದಿನ ತಪ್ಪು ಮನೆ ಕೇಳುವಾಗ, ಕೆಲಸ ಕೇಳುವಾಗ ಒಂದು ಗುಂಡಿ ಒತ್ತಿದೊಡನೆ ಎದುರು ನಿಲ್ಲುವುದಾದರೆ ನ್ಯಾಯಾಧೀಶರು ವಿಧಿಸಿದ ಅವಧಿಗೆ ಅರ್ಥವಿಲ್ಲ. ಕೋರ್ಟಿನ ಬಾಗಿಲು ತೆರೆದಿಟ್ಟದ್ದು ಅಧಿಕಾರದ ಮೇಲೆ ಕಣ್ಣಿಡಲು: ಪೊಲೀಸರು ಸರಿಯಾಗಿ ನಡೆದುಕೊಂಡರೇ, ಪ್ರಾಸಿಕ್ಯೂಟರು ಬಡವರ ಮೇಲೆ ಒಂದು, ಉಳ್ಳವರ ಮೇಲೆ ಇನ್ನೊಂದು ಆರೋಪ ಹೊರಿಸುತ್ತಿದ್ದಾರೆಯೇ, ನ್ಯಾಯಾಧೀಶರು ಜಾಮೀನನ್ನು ಹೇಗೆ ನಿರ್ಧರಿಸುತ್ತಾರೆ ಎಂಬುದನ್ನು ಜನ ನೋಡಲಿ ಎಂದು. ಆ ಕೆಲಸಕ್ಕೆ ಯಾರದೇ ಜನ್ಮದಿನಾಂಕ ಬೇಕಾಗಿಲ್ಲ. ಆದರೂ ಈ ತೀರ್ಪಿನ ಇನ್ನೊಂದು ಪರಿಣಾಮ ನನ್ನನ್ನು ಕಾಡುತ್ತದೆ. ಜನ್ಮದಿನಾಂಕ ಹೋದಾಗ ಮೊದಲು ಸಿಕ್ಕಿಬೀಳುವವರು ಸಾಮಾನ್ಯ ಹೆಸರಿನವರು, ಗಾರ್ಸಿಯಾ, ಹರ್ನಾಂಡೆಜ್, ಸಿಂಗ್, ಕುಮಾರ್ ಇಂಥವರು. ಯಾವ ತಪ್ಪನ್ನೂ ಮಾಡದವರ ಹೆಸರಿನೆದುರು ಬೇರೆ ಯಾರದೋ ಇಪ್ಪತ್ತು ಪ್ರಕರಣಗಳು ಸಾಲುಗಟ್ಟಿದರೆ, ಅವು ನನ್ನವಲ್ಲ ಎಂದು ತೋರಿಸುವ ಹೊಣೆ ಅವರ ಮೇಲೇ ಬೀಳುತ್ತದೆ. ಹೆಸರೊಂದೇ ಹೊಂದಿತೆಂದು ವರದಿ ಕೊಡುವುದು, ಇಂಥ ವರದಿಗಳ ಬಗೆಗಿನ ಫೆಡರಲ್ ಕಾಯ್ದೆ ಕೇಳುವ ನಿಖರತೆಗೆ ಸಾಲದು ಎಂದು ಫೆಡರಲ್ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ 2021ರ ನವೆಂಬರಿನಲ್ಲಿ ಹೇಳಿದ್ದು ಈ ಅಪಾಯವನ್ನು ಕಂಡೇ.

ಹುಡುಕುವುದು ಬೇರೆ, ಖಾತ್ರಿ ಮಾಡಿಕೊಳ್ಳುವುದು ಬೇರೆ. ಜನ್ಮದಿನಾಂಕ ಹಾಕಿ ಪ್ರಕರಣಗಳನ್ನು ಬಾಚಿಕೊಳ್ಳಲು ಬಿಡದೆಯೂ, ಈ ನಿರ್ದಿಷ್ಟ ಪ್ರಕರಣದ ಆರೋಪಿ ಈ ದಿನಾಂಕದಂದು ಹುಟ್ಟಿದವರೇ ಎಂಬ ಪ್ರಶ್ನೆಗೆ ಕ್ಲರ್ಕ್ ಹೌದು ಅಥವಾ ಅಲ್ಲ ಎಂದು ಉತ್ತರಿಸುವಂತೆ ನಿಯಮ ಮಾಡಬಹುದು. ಯಾರಿಗೂ ಹೊಸದೇನೂ ಬಯಲಾಗದೆ ನಿರಪರಾಧಿ ಪಾರಾಗುತ್ತಾರೆ. ಆ ದಾರಿ ಇಲ್ಲದಿರುವಾಗ ಉಳಿದಿರುವುದು ಕಡತವನ್ನೇ ತರಿಸಿ ಓದುವುದು. ಫೆಲನಿಯಲ್ಲಿ ಸೆರೆಮನೆ ಶಿಕ್ಷೆಯಾಗಿದ್ದರೆ ‘ಆಬ್‌ಸ್ಟ್ರ್ಯಾಕ್ಟ್ ಆಫ್ ಜಡ್ಜ್‌ಮೆಂಟ್’ ಎಂಬ ಸಾರಪತ್ರ ಇರುತ್ತದೆ, ಅದರ ನಮೂನೆಯಲ್ಲೇ ಜನ್ಮದಿನಾಂಕದ ಅಂಕಣವಿದೆ. ನಿಧಾನದ ದಾರಿಯಾದರೂ ಅದು ಸರಿಯಾದ ಮನುಷ್ಯನಿಗೆ ತಲುಪಿಸುತ್ತದೆ.

ಕಡತ ಓದಿದವರು ಅದನ್ನು ಹೇಗೆ ಬೇಕಾದರೂ ಬಳಸುವಂತಿಲ್ಲ ಎನ್ನುವುದೂ ತಿಳಿದಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಐದು ಅಥವಾ ಹೆಚ್ಚು ನೌಕರರಿರುವ ಮಾಲೀಕರು, ಷರತ್ತಿನ ಮೇಲಾದರೂ ಕೆಲಸ ಕೊಡುತ್ತೇವೆಂದು ಹೇಳುವ ಮೊದಲು ಅಪರಾಧ ಇತಿಹಾಸ ಕೇಳುವಂತಿಲ್ಲ. ಇದು 2018ರಿಂದ ಜಾರಿಯಲ್ಲಿದೆ. ಶಿಕ್ಷೆಯಾಗದ ಬಂಧನವನ್ನು ನೇಮಕಾತಿಯಲ್ಲಿ ಸಾಮಾನ್ಯವಾಗಿ ಪರಿಗಣಿಸುವಂತೆಯೇ ಇಲ್ಲ. ತಪಾಸಣಾ ಕಂಪನಿಗಳು ಏಳು ವರ್ಷಕ್ಕಿಂತ ಹಳೆಯ ಶಿಕ್ಷೆಯನ್ನು ವರದಿ ಮಾಡಬಾರದು. ವರದಿ ತಪ್ಪಿದ್ದರೆ 1970ರ ಫೆಡರಲ್ ಕಾಯ್ದೆಯಡಿ ಪ್ರಶ್ನಿಸಬಹುದು, ಕಂಪನಿ ಸಾಮಾನ್ಯವಾಗಿ 30 ದಿನದೊಳಗೆ ಮರುಪರಿಶೀಲಿಸಬೇಕು. ಹಾಗೆ ಪ್ರಶ್ನಿಸುವಾಗ ಕೈಯಲ್ಲಿರಬೇಕಾದ್ದು ಕೌಂಟಿ ಕೋರ್ಟಿನ ದೃಢೀಕೃತ ಪ್ರತಿ.

ಈ ಕಡತಗಳನ್ನು ಬೇರೆಯವರ ಬಗ್ಗೆ ತಿಳಿಯಲೆಂದಲ್ಲದೆ ತಮ್ಮದೇ ಕಡತ ಪಡೆಯಲೆಂದು ಹುಡುಕುವವರೂ ಬಹಳ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಬೇಕಾಗುವುದು ಹೆಚ್ಚಾಗಿ ವಲಸೆ ಅರ್ಜಿಯ ಹೊತ್ತಿನಲ್ಲಿ. ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದದ್ದು, ಗಂಡ ಹೆಂಡಿರ ಜಗಳಕ್ಕೆ ನೆರೆಯವರು ಪೊಲೀಸರನ್ನು ಕರೆದದ್ದು, ಅಂಗಡಿಯಲ್ಲಿ ಬೆಲೆಪಟ್ಟಿಯ ಗೊಂದಲ ಕಳವಿನ ಆರೋಪವಾದದ್ದು ಹೀಗೆ. ಪೌರತ್ವದ ಅರ್ಜಿ ಬಂಧನವಾಗಿತ್ತೇ ಎಂದೂ ಕೇಳುತ್ತದೆ, ಶಿಕ್ಷೆಯಾಗಿತ್ತೇ ಎಂದಷ್ಟೇ ಅಲ್ಲ. ಮೊಹರು ಹಾಕಿಸಿದ ಪ್ರಕರಣವನ್ನೂ ಅಲ್ಲಿ ಹೇಳಲೇಬೇಕು. ಇನ್ನೊಂದು ತೊಡಕು ಗಂಭೀರವಾದದ್ದು. 1996ರಿಂದ ಫೆಡರಲ್ ವಲಸೆ ಕಾನೂನಿನಲ್ಲಿ ಶಿಕ್ಷೆ ಎಂಬುದಕ್ಕೆ ತನ್ನದೇ ವ್ಯಾಖ್ಯೆ ಇದೆ: ತಪ್ಪೊಪ್ಪಿಕೊಂಡು ಯಾವುದಾದರೂ ನಿರ್ಬಂಧಕ್ಕೆ ಒಳಗಾಗಿದ್ದರೆ, ರಾಜ್ಯದ ಕೋರ್ಟು ಆಮೇಲೆ ವಜಾ ಮಾಡಿದ್ದರೂ ಅದು ಶಿಕ್ಷೆಯೇ. 1203.4ರ ಆದೇಶ ಹಿಡಿದು ನಿಶ್ಚಿಂತರಾದ ಎಷ್ಟೋ ಜನರಿಗೆ ಇದು ತಡವಾಗಿ ತಿಳಿಯುತ್ತದೆ. ಚಿಕ್ಕ ಮಾದಕವಸ್ತು ಪ್ರಕರಣಗಳಲ್ಲಿ ಮೊದಲು ತಪ್ಪೊಪ್ಪಿಸಿ ಆಮೇಲೆ ಚಿಕಿತ್ಸೆಗೆ ಕಳುಹಿಸುತ್ತಿದ್ದ ಪದ್ಧತಿಯನ್ನು ಕ್ಯಾಲಿಫೋರ್ನಿಯಾ 2018ರಿಂದ ಬದಲಿಸಿ, ತಪ್ಪೊಪ್ಪಿಗೆ ಇಲ್ಲದೆಯೇ ಕಳುಹಿಸುವಂತೆ ಮಾಡಿದ್ದು ಮುಖ್ಯವಾಗಿ ವಲಸಿಗರನ್ನು ಈ ಬಲೆಯಿಂದ ಬಿಡಿಸಲು. ಆದ್ದರಿಂದ ತಮ್ಮ ಕಡತ ತೆಗೆಸುವವರು ಅಂತಿಮ ಆದೇಶದ ಜೊತೆಗೆ ತಪ್ಪೊಪ್ಪಿಗೆ ದಾಖಲಾಗಿದೆಯೇ ಇಲ್ಲವೇ ಎಂದು ತೋರಿಸುವ ಮಿನಿಟ್ ಆರ್ಡರಿನ ದೃಢೀಕೃತ ಪ್ರತಿಯನ್ನೂ ಪಡೆಯಬೇಕು. ವಲಸೆ ವಕೀಲರು ಮೊದಲು ಕೇಳುವುದು ಅದನ್ನೇ.

ಇದಕ್ಕೆ ತಡಮಾಡಬಾರದು. ಮಿಸ್‌ಡಿಮೀನರ್ ಕಡತ ಐದನೇ ವರ್ಷದ ನಂತರ ಯಾವಾಗ ಬೇಕಾದರೂ ಇಲ್ಲವಾಗಬಹುದು. ಪೌರತ್ವದ ಅರ್ಜಿಯ ಸರದಿ ಅದಕ್ಕಿಂತ ಎಷ್ಟೋ ತಡವಾಗಿ ಬರುತ್ತದೆ. ಪ್ರಕರಣ ಮುಗಿದ ವಾರವೇ ಎರಡು ದೃಢೀಕೃತ ಪ್ರತಿ ತೆಗೆಸಿ ಇಟ್ಟುಕೊಂಡವರಿಗೆ ಮುಂದೆ ತೊಂದರೆಯಿಲ್ಲ. ತಡವಾಗಿ ಹೋದವರು, ಕಡತ ನಿಯಮದಂತೆ ನಾಶವಾಗಿದೆ ಎಂಬ ಪತ್ರವನ್ನು ಕೋರ್ಟಿನ ಮುದ್ರೆಯೊಂದಿಗೆ ಕ್ಲರ್ಕ್ ಕಚೇರಿಯಿಂದ ಬರೆಸಿಕೊಳ್ಳಬೇಕು. ಬೆರಳಚ್ಚು ಕೊಟ್ಟು ರಾಜ್ಯದ ನ್ಯಾಯ ಇಲಾಖೆಯಿಂದ ತಮ್ಮದೇ ಇತಿಹಾಸದ ಪ್ರತಿಯನ್ನು ತರಿಸಿಕೊಳ್ಳುವ ಹಕ್ಕೂ ಅವರಿಗಿದೆ. ಆ ಪತ್ರವನ್ನೂ ಈ ಪ್ರತಿಯನ್ನೂ ಒಟ್ಟಿಗೆ ಲಗತ್ತಿಸಿದರೆ, ಕಡತ ಇಲ್ಲದೆಯೂ ಪ್ರಕರಣ ಹೇಗೆ ಮುಗಿಯಿತೆಂದು ತೋರಿಸಲು ಒಂದು ಆಧಾರ ಸಿಗುತ್ತದೆ.